ಸೆನ್ಸರ್ ಫೈಲ್ ಸುಳ್ಳು ಹೇಳುತ್ತಿಲ್ಲ, ನೀವು ಕೇಳಿದ್ದು ಬೇರೆಯವರನ್ನು

ಪ್ರಶ್ನೆ

"ಸರ್, ನಮಸ್ಕಾರ್ರಿ. ನಾನು ಕಲಬುರಗಿಯವನು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ್ದೇನೆ. ನಮ್ಮ ಕಾಕಾ ಅವರದು ತೊಗರಿ ಗೋದಾಮು ಇದೆ. ತಗಡಿನ ಚಾವಣಿ, ಬೇಸಿಗೆಯಲ್ಲಿ ಒಳಗೆ ನಿಲ್ಲಲಿಕ್ಕೆ ಆಗುವುದಿಲ್ಲ. ಅದಕ್ಕೆ ಒಂದು ರಾಸ್ಪ್‌ಬೆರಿ ಪೈ (ಲಿನಕ್ಸ್ ಓಡುವ ಅಂಗೈಯಗಲದ ಕಂಪ್ಯೂಟರ್) ಇಟ್ಟು, ಚೀಲಗಳ ಸಾಲಿನ ನಡುವೆ ಬಿಸಿ ಅಳೆಯುವ ಎಂಟು ಡಿಎಸ್18ಬಿ20 ಸೆನ್ಸರ್ ಇಳಿಬಿಟ್ಟಿದ್ದೇನೆ. ಪೈಥಾನ್ ಪ್ರೋಗ್ರಾಂ ಸಿಸ್ ಫೋಲ್ಡರ್ ಒಳಗಿನ ಎಚ್‌ಡಬ್ಲ್ಯೂಮಾನ್ (ಬಿಸಿ, ವೋಲ್ಟೇಜ್ ಅಳತೆ ಸಿಗುವ) ಫೋಲ್ಡರ್‌ಗಳಿಂದ ಬಿಸಿ ಓದಿ, ಜಾಸ್ತಿಯಾದರೆ ರಿಲೇ (ಪೈ ಹೇಳಿದಂತೆ ಆನ್ ಆಫ್ ಆಗುವ ಸ್ವಿಚ್) ಮೂಲಕ ಎಕ್ಸಾಸ್ಟ್ ಫ್ಯಾನ್ ಹಾಕುತ್ತದೆ. ಆರು ತಿಂಗಳು ಚೆನ್ನಾಗಿತ್ತು. ಈಗ ಸಿಸ್ಟಮ್ ಅಪ್‌ಡೇಟ್ ಮಾಡಿದ ಮೇಲೆ ಒಂದು ಮೂಲೆ ಯಾವಾಗಲೂ 61 ಡಿಗ್ರಿ ತೋರಿಸುತ್ತಿದೆ. ಉಳಿದವು ಅದಲು ಬದಲಾಗಿವೆ. ಕರೆಂಟ್ ಹೋಗಿ ಬಂದಾಗ ಒಮ್ಮೊಮ್ಮೆ 85 ಬರುತ್ತದೆ, ರಾತ್ರಿ ಫ್ಯಾನ್ ಸುಮ್ನೆ ತಿರುಗುತ್ತದೆ. ಸೆಕೆಂಡಿಗೊಮ್ಮೆ ಓದು ಅಂತ ಬರೆದಿದ್ದೇನೆ, ಆದರೆ ಒಂದು ಸುತ್ತಿಗೆ ಆರು ಸೆಕೆಂಡ್ ಹಿಡಿಯುತ್ತದೆ. ಕೆಲವು ಫೈಲ್‌ಗೆ ಬರೆಯಲು ಹೋದರೆ ಪರ್ಮಿಷನ್ ಇಲ್ಲ ಅನ್ನುತ್ತದೆ. ಸಿಎಚ್‌ಮಾಡ್ 777 ಮಾಡಿ ಎಲ್ಲರಿಗೂ ಎಲ್ಲ ಹಕ್ಕು ಕೊಟ್ಟೆ, ರೀಸ್ಟಾರ್ಟ್ ಆದ ಮೇಲೆ ಮತ್ತೆ ಅದೇ. ರಿಲೇ ಜೋಡಿಸಿದ ಪಿನ್ ತೆರೆಯಲು 17 ಅಂತ ಎಕ್ಸ್‌ಪೋರ್ಟ್ ಮಾಡಿದರೆ ಈಗ ತಪ್ಪು ಎಂದು ಬರುತ್ತದೆ. ಇಷ್ಟು ಸಲ ಫೈಲ್ ಓದಿದರೆ ಮೆಮೊರಿ ಕಾರ್ಡ್ ಸವೆದುಹೋಗುತ್ತದೆ ಎಂದು ಗೆಳೆಯ ಹೇಳುತ್ತಾನೆ. ನಾನೇ ಒಂದು ಡ್ರೈವರ್ ಬರೆದುಬಿಡಲೇ? ಮುಂದಿನ ರಾಶಿ ಬರುವುದರೊಳಗೆ ಸರಿ ಮಾಡಬೇಕು."

ಉತ್ತರ

ನಿಮ್ಮ ಪತ್ರ ಓದಿ ಖುಷಿಯಾಯಿತು. ತೊಂದರೆಗಳನ್ನು ಇಷ್ಟು ಬಿಡಿಸಿ ಬರೆಯುವವರು ಕಡಿಮೆ. ನೀವು ಆರೇಳು ತೊಂದರೆ ಬರೆದಿದ್ದೀರಿ. ತಂತಿಯ ದೋಷವೊಂದನ್ನು ಬಿಟ್ಟರೆ ಉಳಿದವುಗಳ ಬೇರು ಒಂದೇ. ಸಿಸ್ ಫೋಲ್ಡರ್‌ನಲ್ಲಿ ಕಾಣುವುದನ್ನು ನೀವು ಫೈಲ್ ಅಂದುಕೊಂಡಿದ್ದೀರಿ. ಅವು ಫೈಲ್ ಅಲ್ಲ. ಫೈಲ್‌ನ ವೇಷದಲ್ಲಿ ನಿಂತಿರುವ ಡ್ರೈವರ್‌ಗಳು, ಅಂದರೆ ಯಂತ್ರದ ಜೊತೆ ಮಾತಾಡುವ ಕೋಡ್. ಸೆನ್ಸರ್ ಕೆಟ್ಟಿಲ್ಲ, ನಿಮ್ಮ ಪೈಥಾನ್ ಕೂಡ ಕೆಟ್ಟಿಲ್ಲ. ಕೇಳುವ ವಿಳಾಸ ತಪ್ಪಿದೆ.

ಮೊದಲು ಮೆಮೊರಿ ಕಾರ್ಡ್ ಭಯ ಬಿಡಿ. ಸಿಸ್ ಫೋಲ್ಡರ್ ಕಾರ್ಡ್‌ನ ಮೇಲೆ ಇಲ್ಲವೇ ಇಲ್ಲ. ಪೈ ಆನ್ ಆದಾಗ ಲಿನಕ್ಸ್‌ನ ತಿರುಳಾದ ಕರ್ನೆಲ್ ಅದನ್ನು ರ್‍ಯಾಮ್‌ನಲ್ಲಿ ಕಟ್ಟುತ್ತದೆ, ಆಫ್ ಆದಾಗ ಅದು ಅಳಿದುಹೋಗುತ್ತದೆ. ಅಲ್ಲಿನ ಫೈಲ್ ಅನ್ನು ಲಕ್ಷ ಸಲ ಓದಿದರೂ ಕಾರ್ಡ್‌ಗೆ ಏನೂ ಆಗುವುದಿಲ್ಲ. ಕಾರ್ಡ್ ಸವೆಯುವುದು ನೀವು ಪ್ರತಿ ರೀಡಿಂಗ್ ಅನ್ನೂ ಲಾಗ್ ಫೈಲ್‌ಗೆ ಬರೆಯುತ್ತಿದ್ದರೆ. ಹಾಗೆ ಬರೆಯುತ್ತಿದ್ದರೆ ಅದನ್ನು ರ್‍ಯಾಮ್‌ನಲ್ಲಿ ಕೂಡಿಟ್ಟು, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಒಟ್ಟಿಗೆ ಬರೆಯಿರಿ. ಗೆಳೆಯರ ಮಾತಿನಲ್ಲಿ ಕಾಳಜಿ ಇದೆ, ಆದರೆ ಬೊಟ್ಟು ತೋರಿಸಿದ್ದು ಬೇರೆ ಕಡೆ.

ಹಾಗಾದರೆ ಆ ಫೈಲ್ ಓದಿದಾಗ ಆಗುವುದೇನು? ಗಂಜ್‌ನಲ್ಲಿ ನಿನ್ನೆ ಬೋರ್ಡ್ ಮೇಲೆ ಬರೆದಿಟ್ಟ ಧಾರಣೆ ನೋಡುವುದು ಒಂದು. ಅಡತಿ ಅಂಗಡಿಗೆ ಹೋಗಿ "ಇವತ್ತು ತೊಗರಿ ಏನಾಗ್ಯದ?" ಎಂದು ಕೇಳುವುದು ಇನ್ನೊಂದು. ನೀವು ಮಾಡುತ್ತಿರುವುದು ಎರಡನೆಯದು. ನಿಮ್ಮ ಪ್ರೋಗ್ರಾಂ ಫೈಲ್ ತೆರೆದು ಓದಿದ ಕ್ಷಣ, ಕರ್ನೆಲ್ ಆ ಡ್ರೈವರ್‌ನಲ್ಲಿರುವ 'ಶೋ' ಎಂಬ ಒಂದು ಫಂಕ್ಷನ್ ಅನ್ನು ಕರೆಯುತ್ತದೆ. ಆ ಫಂಕ್ಷನ್ ಸೆನ್ಸರ್ ಜೊತೆ ಮಾತಾಡಿ, ಬಂದ ಉತ್ತರವನ್ನು ಅಕ್ಷರಗಳಾಗಿ ಮಾಡಿ ಕೊಡುತ್ತದೆ. ನೀವು ಓದುವ ಮೊದಲು ಆ ಅಂಕಿ ಎಲ್ಲೂ ಬರೆದಿಟ್ಟಿರುವುದಿಲ್ಲ. ಫೈಲ್‌ಗೆ ಬರೆದಾಗ ಇದೇ ಕೆಲಸ ಉಲ್ಟಾ ನಡೆಯುತ್ತದೆ. ಆಗ 'ಸ್ಟೋರ್' ಎಂಬ ಫಂಕ್ಷನ್ ನಿಮ್ಮ ಅಕ್ಷರಗಳನ್ನು ತೆಗೆದುಕೊಂಡು ಯಂತ್ರಕ್ಕೆ ಆಜ್ಞೆ ಕೊಡುತ್ತದೆ. ಇಂಥ ಒಂದೊಂದು ಫೈಲ್‌ಗೂ ಡ್ರೈವರ್ ಬರೆಯುವವರು ಆಟ್ರಿಬ್ಯೂಟ್ ಅನ್ನುತ್ತಾರೆ. ಫೈಲ್ ಗಾತ್ರ ನೋಡಿದರೆ ಸಾಮಾನ್ಯವಾಗಿ 4096 ಎಂದು ಕಾಣುತ್ತದೆ, ಒಳಗೆ ಇರುವುದು ಐದಾರು ಅಕ್ಷರ. ಉತ್ತರ ಬರೆಯಲು ಕರ್ನೆಲ್ ಡ್ರೈವರ್‌ಗೆ ಕೊಡುವ ಹಾಳೆಯ ಅಳತೆ ಅದು, ಮಾಹಿತಿಯ ಅಳತೆ ಅಲ್ಲ.

ಇದರಿಂದ ಒಂದು ಸಣ್ಣ ಆದರೆ ಕಾಡುವ ತಪ್ಪು ಹುಟ್ಟುತ್ತದೆ. ಕೆಲವರು ಫೈಲ್ ಅನ್ನು ಒಮ್ಮೆ ತೆರೆದಿಟ್ಟುಕೊಂಡು ಲೂಪ್‌ನಲ್ಲಿ ಓದುತ್ತಾ ಹೋಗುತ್ತಾರೆ. ಎರಡನೆಯ ಸಲ ಖಾಲಿ ಬರುತ್ತದೆ. ಉತ್ತರ ಒಮ್ಮೆ ಪೂರ್ತಿ ಕೊಟ್ಟಾಗಿದೆ, ಅಲ್ವಾ? ಮತ್ತೆ ಶುರುವಿಗೆ ಹಿಂದಿರುಗಿ ಓದಬೇಕು, ಇಲ್ಲವೇ ಪ್ರತಿ ಸಲ ಮುಚ್ಚಿ ತೆರೆಯಬೇಕು. ಮುಚ್ಚಿ ತೆರೆಯುವುದೇ ಸರಳ. ಬರೆಯುವಾಗ ಇನ್ನೊಂದು ಎಚ್ಚರ ಬೇಕು. ಪೈಥಾನ್ ಅಕ್ಷರಗಳನ್ನು ತನ್ನ ಬಳಿ ಹಿಡಿದಿಟ್ಟುಕೊಂಡು, ಫೈಲ್ ಮುಚ್ಚುವಾಗ ಕಳಿಸುತ್ತದೆ. ಹಾಗಾಗಿ ಡ್ರೈವರ್ ಹೇಳುವ ತಪ್ಪು ನೀವು ಬರೆದ ಸಾಲಿನಲ್ಲಿ ಕಾಣದೆ, ಮುಚ್ಚುವ ಸಾಲಿನಲ್ಲಿ ಕಾಣುತ್ತದೆ.

ಈ ಏರ್ಪಾಡು ಬಂದದ್ದು ಹೀಗೆ. ಹಳೆಯ ಯುನಿಕ್ಸ್‌ನಲ್ಲಿ ಡ್ರೈವರ್‌ನಿಂದ ಏನಾದರೂ ವಿಶೇಷ ಕೆಲಸ ಮಾಡಿಸಬೇಕಾದರೆ ಐಒಸಿಟಿಎಲ್ ಎಂಬ ಕರೆ ಇತ್ತು. ಅದು 1979ರ ಏಳನೆಯ ಆವೃತ್ತಿಯಲ್ಲಿ ಬಂತು. ಆಜ್ಞೆಗೆ ಒಂದು ನಂಬರ್, ಜೊತೆಗೆ ಬೈನರಿ ಮಾಹಿತಿಯ ಒಂದು ಕಟ್ಟು. ಪ್ರತಿ ಡ್ರೈವರ್‌ಗೂ ಅದರದೇ ನಂಬರ್, ಅದರದೇ ಕಟ್ಟು. ಹೆಡರ್ ಫೈಲ್ ಇಲ್ಲದೆ ಒಳಗೇನಿದೆ ಎಂದು ತಿಳಿಯುವುದಿಲ್ಲ. ಲಿನಕ್ಸ್‌ನಲ್ಲಿ ಆಮೇಲೆ ಎಲ್ಲರೂ ತಮಗೆ ಬೇಕಾದ್ದನ್ನು ಪ್ರಾಕ್ ಎಂಬ ಇನ್ನೊಂದು ಫೋಲ್ಡರ್‌ಗೆ ತುಂಬತೊಡಗಿದರು. ಒಂದೊಂದು ಫೈಲ್‌ನದೂ ಒಂದೊಂದು ರೂಪ. ಇದನ್ನು ಹದ್ದುಬಸ್ತಿಗೆ ತರಲು ಪ್ಯಾಟ್ರಿಕ್ ಮೋಚೆಲ್ ಕರ್ನೆಲ್‌ನ 2.5ರ ಸರಣಿಯಲ್ಲಿ ಸಿಸ್‌ಎಫ್‌ಎಸ್, ಅಂದರೆ ಈ ಸಿಸ್ ಫೋಲ್ಡರ್‌ನ ಏರ್ಪಾಡು, ಕಟ್ಟಿದರು. 2003ರ ಡಿಸೆಂಬರ್‌ನಲ್ಲಿ ಬಂದ 2.6ರ ಜೊತೆ ಅದು ಎಲ್ಲರ ಕೈಗೆ ಬಂತು. ನಿಯಮ ಸರಳ. ಆದಷ್ಟೂ ಒಂದು ಫೈಲ್‌ಗೆ ಒಂದೇ ಬೆಲೆ, ಅಂದರೆ ಒಂದೇ ಅಂಕಿ ಇಲ್ಲವೇ ಪದ, ಅದೂ ಮನುಷ್ಯರು ಓದಬಲ್ಲ ಅಕ್ಷರದಲ್ಲಿ. ನಾನು ಡ್ರೈವರ್ ಕೆಲಸಕ್ಕೆ ಇಳಿದ ಮೇಲೆ ಈ ಒಂದು ನಿಯಮದ ಬೆಲೆ ದಿನದಿನಕ್ಕೂ ಜಾಸ್ತಿ ತಿಳಿಯುತ್ತಾ ಬಂದಿದೆ. ಕಲಬುರಗಿಯ ಒಂದು ಗೋದಾಮಿನಲ್ಲಿ ಕುಳಿತು, ಯಾವ ವಿಶೇಷ ಸಾಫ್ಟ್‌ವೇರ್ ಇಲ್ಲದೆ, 'ಕ್ಯಾಟ್' ಎಂಬ ಒಂದು ಕಮಾಂಡ್‌ನಿಂದ ನೀವು ಸೆನ್ಸರ್‌ನ ಜೊತೆ ಮಾತಾಡುತ್ತಿದ್ದೀರಲ್ಲ, ಅದು ಈ ನಿಯಮ ಕೊಟ್ಟ ವರ.

31.312 ಡಿಗ್ರಿ ಇದ್ದರೆ ಫೈಲ್‌ನಲ್ಲಿ 31312 ಎಂದು ಬರುವುದೂ ನಿಯಮವೇ. ಕರ್ನೆಲ್ ಒಳಗೆ ದಶಾಂಶದ ಲೆಕ್ಕವನ್ನು ಸಾಮಾನ್ಯವಾಗಿ ಮಾಡುವುದಿಲ್ಲ. ಹಾಗೆ ಮಾಡಬೇಕಾದರೆ ಪ್ರೊಸೆಸರ್‌ನ ದಶಾಂಶ ರಿಜಿಸ್ಟರ್‌ಗಳನ್ನು ಪ್ರತಿ ಸಲ ಉಳಿಸಿ ಮರಳಿ ತುಂಬಬೇಕು, ಅದು ದುಬಾರಿ. ಅದಕ್ಕೆ ಎಚ್‌ಡಬ್ಲ್ಯೂಮಾನ್ ವರ್ಗದಲ್ಲಿ ಬಿಸಿ ಯಾವಾಗಲೂ ಮಿಲಿ ಡಿಗ್ರಿ ಸೆಲ್ಸಿಯಸ್, ವೋಲ್ಟೇಜ್ ಮಿಲಿವೋಲ್ಟ್, ಫ್ಯಾನ್ ವೇಗ ನಿಮಿಷಕ್ಕೆ ಸುತ್ತು. ಆದರೆ ಲ್ಯಾಪ್‌ಟಾಪ್ ಬ್ಯಾಟರಿ ಇರುವ ವರ್ಗದಲ್ಲಿ ವೋಲ್ಟೇಜ್ ಮೈಕ್ರೋವೋಲ್ಟ್‌ನಲ್ಲಿ ಬರುತ್ತದೆ. ವರ್ಗ ಬದಲಾದರೆ ಅಳತೆ ಬದಲಾಗುತ್ತದೆ. ಊಹೆ ಮಾಡದೆ, ಕರ್ನೆಲ್ ಜೊತೆಯಲ್ಲೇ ಬರುವ ಎಬಿಐ ದಾಖಲೆಯಲ್ಲಿ (ಯಾವ ಫೈಲ್ ಏನು ಕೊಡುತ್ತದೆ ಎಂಬ ವಿವರ) ನೋಡಿ.

ಈಗ 61 ಡಿಗ್ರಿಯ ಮೂಲೆಗೆ ಬರೋಣ. ನಿಮ್ಮ ಪ್ರೋಗ್ರಾಂ ಎಚ್‌ಡಬ್ಲ್ಯೂಮಾನ್2, ಎಚ್‌ಡಬ್ಲ್ಯೂಮಾನ್3 ಎಂದು ನಂಬರ್ ಹಿಡಿದು ಹೋಗುತ್ತಿದೆ ಎಂಬುದು ನಿಮ್ಮ ವಿವರದಿಂದ ಸ್ಪಷ್ಟ. ಆ ನಂಬರ್‌ಗೆ ಯಾವ ಅರ್ಥವೂ ಇಲ್ಲ. ಯಾವ ಡ್ರೈವರ್ ಮೊದಲು ಎದ್ದು ಹೆಸರು ನೋಂದಾಯಿಸಿತೋ ಅದಕ್ಕೆ ಮೊದಲ ನಂಬರ್. ಅಪ್‌ಡೇಟ್ ಆದಾಗ ಆ ಸರದಿ ಬದಲಾಗಬಹುದು. ಒಂದು ಸೆನ್ಸರ್ ತೆಗೆದು ಹಾಕಿದರೂ ಬದಲಾಗಬಹುದು. ಆ 61 ಡಿಗ್ರಿ ಗೋದಾಮಿನದ್ದಲ್ಲ, ಬಹುಪಾಲು ನಿಮ್ಮ ಪೈಯ ಪ್ರೊಸೆಸರ್‌ನದು. ನೋಡುವುದು ಸುಲಭ. ಅದೇ ಫೋಲ್ಡರ್‌ನಲ್ಲಿ 'ನೇಮ್' ಎಂಬ ಫೈಲ್ ಇದೆ, ಅದನ್ನು ಓದಿ. ಸಿಪಿಯು_ಥರ್ಮಲ್ ಎಂದು ಬಂದರೆ ವಿಷಯ ಮುಗಿಯಿತು. ತಗಡಿನ ಚಾವಣಿಯ ಕೆಳಗೆ ಕೆಲಸ ಮಾಡುತ್ತಿರುವ ಪೈ 61 ಡಿಗ್ರಿ ಮುಟ್ಟುವುದು ಸಹಜವೇ.

ಹೆಸರು ನೋಡಿದರೆ ಪ್ರೊಸೆಸರ್ ಯಾವುದು, ಸೆನ್ಸರ್ ಯಾವುದು ಎಂಬುದು ಬಗೆಹರಿಯುತ್ತದೆ. ಎಂಟರಲ್ಲಿ ಯಾವ ಸೆನ್ಸರ್ ಎಂಬುದು ಬಗೆಹರಿಯುವುದಿಲ್ಲ. ಎಂಟಕ್ಕೂ ಡ್ರೈವರ್ ಒಂದೇ, ಹಾಗಾಗಿ ಹೆಸರೂ ಒಂದೇ. ಇಲ್ಲಿ ನಿಮಗೆ ಅದೃಷ್ಟ ಇದೆ. ಪ್ರತಿ ಡಿಎಸ್18ಬಿ20 ಒಳಗೆ ಕಾರ್ಖಾನೆಯಲ್ಲೇ ಕೊರೆದ 64 ಬಿಟ್‌ನ ಗುರುತು ಇರುತ್ತದೆ. ಡಬ್ಲ್ಯೂ1 ಬಸ್‌ನ, ಅಂದರೆ ಸೆನ್ಸರ್‌ಗಳೆಲ್ಲ ಕೂತಿರುವ ಡೇಟಾ ತಂತಿಯ, ಡಿವೈಸಸ್ ಫೋಲ್ಡರ್‌ಗೆ ಹೋದರೆ 28 ಎಂದು ಶುರುವಾಗುವ ಎಂಟು ಉದ್ದ ಹೆಸರು ಕಾಣುತ್ತವೆ. ಆ ಹೆಸರು ಅಪ್‌ಡೇಟ್‌ಗೂ ಬದಲಾಗುವುದಿಲ್ಲ, ಪೈ ಬದಲಿಸಿದರೂ ಬದಲಾಗುವುದಿಲ್ಲ. ಒಂದೊಂದು ಸೆನ್ಸರ್ ಅನ್ನು ಅಂಗೈಯಲ್ಲಿ ಹಿಡಿದು ಬಿಸಿ ಮಾಡಿ. ಯಾವ ಗುರುತಿನ ಅಂಕಿ ಏರುತ್ತದೆ ಎಂದು ನೋಡಿ. ಬೇಸಿಗೆಯಲ್ಲಿ ಅಂಗೈ ಬಿಸಿ ಸಾಲುವುದಿಲ್ಲ, ಆಗ ತಣ್ಣೀರಿನ ಲೋಟದಲ್ಲಿ ಅದ್ದಿ, ಯಾವುದು ಇಳಿಯುತ್ತದೆ ನೋಡಿ. ತಂತಿಗೆ ಚೀಟಿ ಅಂಟಿಸಿ. ಆಮೇಲೆ 'ಈ ಗುರುತು ಅಂದರೆ ಬಾಗಿಲ ಪಕ್ಕದ ಮೂಲೆ' ಎಂದು ಒಂದು ಪಟ್ಟಿ ಮಾಡಿ, ಪ್ರೋಗ್ರಾಂ ಆ ಪಟ್ಟಿ ನೋಡುವಂತೆ ಬರೆಯಿರಿ. ಈ ಒಂದು ಬದಲಾವಣೆಗೆ ಒಂದು ಸಂಜೆ ಸಾಕು. ನಿಮ್ಮ ತೊಂದರೆಗಳಲ್ಲಿ ತುರ್ತಿನದು ಇದೇ. ಅಂಕಿ ಅದಲು ಬದಲಾದರೆ ಪ್ರೋಗ್ರಾಂ ಎಲ್ಲಿಯೂ ತಪ್ಪು ತೋರಿಸುವುದಿಲ್ಲ. ಬಿಸಿಯಾದ ಮೂಲೆ ಬಿಟ್ಟು ಇನ್ನೊಂದನ್ನು ನಂಬಿ ಕೂರುತ್ತದೆ, ಅಷ್ಟರಲ್ಲಿ ಮಾಲು ಕೆಡುತ್ತದೆ.

ಇದರ ಜೊತೆಗೆ ಇನ್ನೊಂದು ಮಾತು. ಕ್ಲಾಸ್ ಫೋಲ್ಡರ್ ಒಳಗೆ ಕಾಣುವುದೆಲ್ಲ ಲಿಂಕ್. ನಿಜವಾದ ಜಾಗ ಡಿವೈಸಸ್ ಮರದ ಆಳದಲ್ಲಿ ಎಲ್ಲೋ ಇರುತ್ತದೆ. ಆ ಆಳದ ಪೂರ್ತಿ ದಾರಿಯನ್ನು ನಕಲು ಮಾಡಿ ಪ್ರೋಗ್ರಾಂನಲ್ಲಿ ಅಂಟಿಸುವವರನ್ನು ಬಹಳ ನೋಡಿದ್ದೇನೆ. ಮೇಲಿನ ಫೋಲ್ಡರ್‌ಗಳ ಸಂಖ್ಯೆ, ಅವುಗಳ ಹೆಸರು ಮುಂದೆಯೂ ಹೀಗೇ ಇರುತ್ತದೆ ಎಂದು ಕರ್ನೆಲ್ ಯಾರಿಗೂ ಮಾತು ಕೊಟ್ಟಿಲ್ಲ. ಮಾತು ಕೊಟ್ಟಿರುವುದು ವರ್ಗಕ್ಕೆ, ಬಸ್‌ಗೆ, ಮತ್ತು ದಾಖಲೆಯಲ್ಲಿ ಬರೆದ ಆಟ್ರಿಬ್ಯೂಟ್ ಹೆಸರಿಗೆ.

85ರ ಕಥೆ ಬೇರೆ. ಅದು ಸಾಫ್ಟ್‌ವೇರ್ ತೊಂದರೆ ಅಲ್ಲ. ಡಿಎಸ್18ಬಿ20ಗೆ ಕರೆಂಟ್ ಬಂದ ತಕ್ಷಣ ಅದರ ಮೆಮೊರಿಯಲ್ಲಿ ಇರುವ ಆರಂಭದ ಅಂಕಿಯೇ 85 ಡಿಗ್ರಿ. ಡ್ರೈವರ್ 'ಬಿಸಿ ಅಳೆ' ಎಂದು ಹೇಳಿದ ಮೇಲೆ, ಅಳತೆ ಮುಗಿಯುವ ಮೊದಲು ಸೆನ್ಸರ್‌ನ ವಿದ್ಯುತ್ ಒಂದು ಕ್ಷಣ ಕುಸಿದರೆ, ಅದು ಹೊಸದಾಗಿ ಎದ್ದು 85 ಎಂದೇ ಉತ್ತರ ಕೊಡುತ್ತದೆ. ಉತ್ತರದ ಜೊತೆ ಬರುವ ಸಿಆರ್‌ಸಿ ಎಂಬ ತಾಳೆ ಅಂಕಿ ಕೂಡ ಸರಿಯಾಗಿರುತ್ತದೆ. ಸಿಆರ್‌ಸಿ ಹೇಳುವುದು ತಂತಿಯ ಮೇಲೆ ಅಕ್ಷರ ಕೆಟ್ಟಿಲ್ಲ ಎಂದಷ್ಟೇ. ಅಳತೆ ನಡೆದಿದೆಯೇ ಎಂದು ಅದು ಹೇಳುವುದಿಲ್ಲ. ಇದೇ ಥರ, ಡೇಟಾ ತಂತಿ ಗ್ರೌಂಡ್‌ಗೆ ತಾಗಿದರೆ ಎಲ್ಲ ಬಿಟ್‌ಗಳೂ ಸೊನ್ನೆ. ಎಲ್ಲ ಸೊನ್ನೆಗೆ ಸಿಆರ್‌ಸಿಯೂ ಸೊನ್ನೆಯೇ. ಆಗ 0 ಡಿಗ್ರಿ ಎಂದು, ಅದೂ ಸರಿ ಎಂಬ ಮುದ್ರೆಯ ಜೊತೆ ಬರಬಹುದು.

ಹಾಗಾಗಿ ಮೊದಲು ತಂತಿ ನೋಡಿ. ಎರಡೇ ತಂತಿಯಲ್ಲಿ ಓಡಿಸುತ್ತಿದ್ದರೆ, ಅಂದರೆ ಡೇಟಾ ತಂತಿಯಿಂದಲೇ ಸೆನ್ಸರ್ ವಿದ್ಯುತ್ ಹೀರುತ್ತಿದ್ದರೆ, ಮೂರು ತಂತಿಗೆ ಬದಲಿಸಿ. ಸೆನ್ಸರ್‌ನ ಫೋಲ್ಡರ್‌ನಲ್ಲಿ ಎಕ್ಸ್ಟ್_ಪವರ್ ಎಂಬ ಫೈಲ್ ಇದ್ದರೆ ಓದಿ. 1 ಬಂದರೆ ಪ್ರತ್ಯೇಕ ವಿದ್ಯುತ್ ಸಿಗುತ್ತಿದೆ, 0 ಬಂದರೆ ಇಲ್ಲ. ನೀವು ಜೋಡಿಸಿದ್ದೇವೆ ಅಂದುಕೊಂಡ ಕಡೆಯೂ 0 ಬಂದರೆ ಅಲ್ಲಿ ಬೆಸುಗೆ ಬಿಟ್ಟಿದೆ ಎಂದೇ ಅರ್ಥ. ಡೇಟಾ ತಂತಿಗೂ 3.3 ವೋಲ್ಟ್‌ಗೂ ನಡುವೆ 4.7 ಕಿಲೋ ಓಮ್ ರೆಸಿಸ್ಟರ್ ಇರಲೇಬೇಕು. ಎಂಟು ತಂತಿಗಳನ್ನು ಒಂದೇ ಬಿಂದುವಿನಿಂದ ಎಂಟು ದಿಕ್ಕಿಗೆ ಎಳೆದಿದ್ದರೆ, ಸಂಕೇತ ಒಂದು ತುದಿಗೆ ಬಡಿದು ಇನ್ನೊಂದಕ್ಕೆ ಮರಳುತ್ತದೆ. ಗೋದಾಮಿನ ಉದ್ದಕ್ಕೆ ಒಂದೇ ಮುಖ್ಯ ಕೇಬಲ್ ಎಳೆದು, ಅದರಿಂದ ಗಿಡ್ಡ ತುಂಡುಗಳಲ್ಲಿ ಸೆನ್ಸರ್ ಇಳಿಸಿ.

ಇನ್ನು ಸಾಫ್ಟ್‌ವೇರ್ ಕಡೆಯಿಂದ. '85 ಬಂದರೆ ಬಿಟ್ಟುಬಿಡು' ಎಂದು ಒಂದು ಸಾಲು ಬರೆಯಬಹುದು. ಬಾಯ್ಲರ್ ಹತ್ತಿರ ಇಟ್ಟಿದ್ದರೆ ನಾನು ಬೇಡ ಅನ್ನುತ್ತಿದ್ದೆ, ಅಲ್ಲಿ 85 ನಿಜವೂ ಆಗಬಹುದು. ತೊಗರಿ ಗೋದಾಮಿನಲ್ಲಿ ಹೊರಗೆ 43 ಡಿಗ್ರಿ ಇರುವ ಮೇ ತಿಂಗಳಲ್ಲೂ ಚೀಲಗಳ ನಡುವೆ 85 ಆಗುವುದಿಲ್ಲ. ಕಲಬುರಗಿಯಲ್ಲಿ 0 ಡಿಗ್ರಿಯೂ ಆಗುವುದಿಲ್ಲ. ಇದಕ್ಕಿಂತ ಒಳ್ಳೆಯ ದಾರಿ ಹೊಸ ಕರ್ನೆಲ್‌ಗಳಲ್ಲಿದೆ. ಅದೇ ಸೆನ್ಸರ್ ಫೋಲ್ಡರ್‌ನ 'ಫೀಚರ್ಸ್' ಫೈಲ್‌ಗೆ 1 ಎಂದು ಬರೆದರೆ, ಅಳತೆ ನಿಜವಾಗಿ ನಡೆಯಿತೇ ಎಂದು ಡ್ರೈವರ್ ತಾನೇ ಪರೀಕ್ಷಿಸುತ್ತದೆ. ನಡೆಯದಿದ್ದರೆ ಅಂಕಿ ಕೊಡದೆ ತಪ್ಪು ಎಂದು ಹೇಳುತ್ತದೆ. ನಿಮ್ಮ ಪೈಥಾನ್ ಆ ತಪ್ಪನ್ನು ಹಿಡಿಯಬೇಕು. ಹಿಡಿದು, ಫ್ಯಾನ್ ಇದ್ದ ಸ್ಥಿತಿಯಲ್ಲೇ ಬಿಟ್ಟು, ಒಂದೇ ಸೆನ್ಸರ್ ಸಾಲಾಗಿ ಕೆಲವು ಸಲ ತಪ್ಪಿದರೆ ನಿಮಗೆ ಮೆಸೇಜ್ ಕಳಿಸಬೇಕು. ತಪ್ಪು ಬಂದಾಗ ಹಿಂದಿನ ಅಂಕಿಯನ್ನೇ ಸುಮ್ಮನೆ ಮುಂದುವರಿಸುವ ಪ್ರೋಗ್ರಾಂ ಬರೆಯಬೇಡಿ. ಸತ್ತ ಸೆನ್ಸರ್ ವಾರಗಟ್ಟಲೆ 32 ಡಿಗ್ರಿ ತೋರಿಸುತ್ತಾ ಇರುತ್ತದೆ, ಯಾರಿಗೂ ತಿಳಿಯುವುದಿಲ್ಲ.

ಒಂದು ಸುತ್ತಿಗೆ ಆರು ಸೆಕೆಂಡ್ ಯಾಕೆ ಎಂಬುದು ಈಗ ನಿಮಗೇ ಹೊಳೆದಿರಬೇಕು. 12 ಬಿಟ್ ನಿಖರತೆಯಲ್ಲಿ ಒಂದು ಅಳತೆಗೆ ಸೆನ್ಸರ್ 750 ಮಿಲಿಸೆಕೆಂಡ್‌ವರೆಗೆ ತೆಗೆದುಕೊಳ್ಳುತ್ತದೆ. ನೀವು ಓದು ಎಂದ ಮೇಲೆ ಡ್ರೈವರ್ ಅಷ್ಟೂ ಹೊತ್ತು ಕಾಯುತ್ತದೆ, ನಿಮ್ಮ ಪ್ರೋಗ್ರಾಂ ಅದರ ಜೊತೆ ಕಾಯುತ್ತದೆ. ಎಂಟು ಸಲ 0.75, ಆರು ಸೆಕೆಂಡ್. ಬೇಕಿದ್ದರೆ ದಾರಿ ಇದೆ. ಬಸ್ ಮಾಸ್ಟರ್ ಫೋಲ್ಡರ್‌ನಲ್ಲಿ ಥರ್ಮ್_ಬಲ್ಕ್_ರೀಡ್ ಎಂಬ ಫೈಲ್‌ಗೆ 'ಟ್ರಿಗರ್' ಎಂದು ಬರೆದರೆ ಎಂಟೂ ಸೆನ್ಸರ್ ಒಟ್ಟಿಗೆ ಅಳೆಯಲು ಶುರುಮಾಡುತ್ತವೆ. ಅದೇ ಫೈಲ್ ಓದಿದಾಗ -1 ಬಂದರೆ ಇನ್ನೂ ನಡೆಯುತ್ತಿದೆ ಎಂದು. ಮುಗಿದ ಮೇಲೆ ಒಂದೊಂದರ 'ಟೆಂಪರೇಚರ್' ಫೈಲ್ ಓದಿದರೆ ತಡವಿಲ್ಲದೆ ಅಂಕಿ ಬರುತ್ತದೆ. ಹಳೆಯ ಪಾಠಗಳಲ್ಲಿ ಡಬ್ಲ್ಯೂ1_ಸ್ಲೇವ್ ಎಂಬ ಎರಡು ಸಾಲಿನ ಫೈಲ್ ಓದಿ, ಕತ್ತರಿಸಿ, ಅಂಕಿ ತೆಗೆಯುವುದನ್ನು ಕಲಿಸುತ್ತಾರೆ. ಒಂದೇ ಬೆಲೆ ಕೊಡುವ ಹೊಸ ಫೈಲ್ ಇದ್ದಾಗ ಅದು ಬೇಡ.

ಆದರೆ ನನ್ನ ಅಭಿಪ್ರಾಯ ಕೇಳಿದರೆ, ನಿಮಗೆ ಸೆಕೆಂಡಿಗೊಮ್ಮೆ ಓದುವ ಅಗತ್ಯವೇ ಇಲ್ಲ. ಚೀಲದಲ್ಲಿ ತುಂಬಿದ ತೊಗರಿಯ ಬಿಸಿ ನಿಮಿಷಗಳಲ್ಲಿ ಬದಲಾಗುವುದಿಲ್ಲ. ಐದು ನಿಮಿಷಕ್ಕೊಮ್ಮೆ ಓದಿದರೆ ಸಾಕು. ಬಿಡುವಿಲ್ಲದೆ ಅಳೆಸುತ್ತಿದ್ದರೆ ಸೆನ್ಸರ್ ತಾನೇ ತುಸು ಬಿಸಿಯಾಗುತ್ತದೆ, ಅಂಕಿ ಅಷ್ಟು ಕೆಡುತ್ತದೆ.

ಪರ್ಮಿಷನ್ ವಿಷಯ ಸ್ವಲ್ಪ ನಿಧಾನವಾಗಿ ಓದಿ. ಇಲ್ಲಿ ತಪ್ಪಿದರೆ ಹಾನಿ ದೊಡ್ಡದು.

ಯಾವ ಆಟ್ರಿಬ್ಯೂಟ್ ಅನ್ನು ಯಾರು ಓದಬಹುದು, ಯಾರು ಬರೆಯಬಹುದು ಎಂದು ತೀರ್ಮಾನಿಸುವುದು ಡ್ರೈವರ್ ಬರೆದವರು. ಓದುವುದಕ್ಕೆ ಮಾತ್ರ ಇರುವುದು 0444. ರೂಟ್, ಅಂದರೆ ಎಲ್ಲ ಹಕ್ಕಿರುವ ಬಳಕೆದಾರ, ಬರೆಯಬಹುದಾದದ್ದು 0644. ಎಲ್ಲರೂ ಬರೆಯಬಹುದು ಎಂದು ಡ್ರೈವರ್ ಬರೆಯುವವರೇ ಇಡಲು ಹೋದರೂ ಕರ್ನೆಲ್ ಕಂಪೈಲ್ ಆಗುವ ಹಂತದಲ್ಲೇ ತಡೆಯುತ್ತದೆ. ಬರೆಯುವ ಪ್ರತಿ ಅಕ್ಷರವೂ ಕರ್ನೆಲ್ ಒಳಗಿನ ಕೋಡ್ ಓಡಿಸುತ್ತದೆ, ಯಂತ್ರವನ್ನು ಅಲುಗಿಸುತ್ತದೆ. ಆ ತಡೆಗೆ ಅರ್ಥ ಇದೆ. ಸಿಎಚ್‌ಮಾಡ್ 777 ಮಾಡಿ ನೀವು ಅದನ್ನು ಕೈಯಾರೆ ತೆಗೆದುಹಾಕುತ್ತಿದ್ದೀರಿ. ರೀಸ್ಟಾರ್ಟ್ ಆದ ಮೇಲೆ ಹಳೆಯ ಸ್ಥಿತಿಗೆ ಮರಳುವುದು ಯಾಕೆಂದರೆ ಮೊದಲೇ ಹೇಳಿದಂತೆ ಆ ಫೋಲ್ಡರ್ ರ್‍ಯಾಮ್‌ನಲ್ಲಿ ಹೊಸದಾಗಿ ಹುಟ್ಟುತ್ತದೆ. ಸೆನ್ಸರ್ ಕಿತ್ತು ಮತ್ತೆ ಹಾಕಿದರೂ ಅಷ್ಟೇ.

ಪೂರ್ತಿ ಪ್ರೋಗ್ರಾಂ ಅನ್ನು ರೂಟ್ ಆಗಿ ಓಡಿಸುವುದು ಬಹಳ ಜನ ಹಿಡಿಯುವ ದಾರಿ. ಕೆಲಸ ಆಗುತ್ತದೆ. ಆದರೆ ನಿಮ್ಮ ಪ್ರೋಗ್ರಾಂ ಮೊಬೈಲ್‌ಗೆ ವೆಬ್ ಪುಟವನ್ನೂ ತೋರಿಸುತ್ತಿದ್ದರೆ, ಆ ಪುಟದಲ್ಲಿ ಒಂದು ಬಿರುಕು ಸಿಕ್ಕವರಿಗೆ ಪೂರ್ತಿ ಪೈ ಸಿಕ್ಕಂತೆ. ನಾನು ಇದನ್ನು ಒಪ್ಪುವುದಿಲ್ಲ.

ಯುಡೆವ್‌ಗೆ (ಡಿವೈಸ್ ಕಾಣಿಸಿಕೊಂಡಾಗ ಹೇಳಿದ ಕೆಲಸ ಮಾಡುವ ಪ್ರೋಗ್ರಾಂ) ನಿಯಮ ಬರೆಯುವುದು ಉತ್ತಮ ದಾರಿ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಹಬ್ಬಿದೆ. ನಿಯಮದಲ್ಲಿ ಗ್ರೂಪ್, ಮೋಡ್ ಎಂದು ಬರೆದರೆ ಸಿಸ್ ಫೋಲ್ಡರ್‌ನ ಫೈಲ್‌ಗಳೂ ಬದಲಾಗುತ್ತವೆ ಎಂದು ತಿಳಿಯುತ್ತಾರೆ. ಇಲ್ಲ. ಅವು ಕೆಲಸ ಮಾಡುವುದು ಡೆವ್ ಫೋಲ್ಡರ್‌ನ ಡಿವೈಸ್ ಫೈಲ್‌ಗಳ ಮೇಲೆ ಮಾತ್ರ. ಸಿಸ್ ಆಟ್ರಿಬ್ಯೂಟ್‌ಗೆ ಎರಡು ಉಪಾಯ ಇವೆ. ಬೆಲೆ ಯಾವಾಗಲೂ ಒಂದೇ ಆಗಿದ್ದರೆ, ಉದಾಹರಣೆಗೆ ಫೀಚರ್ಸ್‌ಗೆ 1, ನಿಯಮದಲ್ಲೇ ಆಟ್ರ್ ಎಂಬ ಪದದಿಂದ ಆ ಬೆಲೆ ಬರೆಸಿ. ಸೆನ್ಸರ್ ಕಾಣಿಸಿಕೊಂಡ ಪ್ರತಿ ಸಲ ಯುಡೆವ್ ತಾನೇ ಬರೆಯುತ್ತದೆ, ನಿಮ್ಮ ಪ್ರೋಗ್ರಾಂಗೆ ಬರೆಯುವ ಹಕ್ಕೇ ಬೇಕಾಗುವುದಿಲ್ಲ. ಬೆಲೆ ಆಗಾಗ ಬರೆಯಬೇಕಾದರೆ, ಬಲ್ಕ್ ರೀಡ್ ಫೈಲ್‌ನಂತೆ, ರನ್ ಎಂಬ ಪದದಿಂದ ಆ ಒಂದೇ ಫೈಲ್‌ನ ಗುಂಪು ಬದಲಿಸಿ, ಆ ಗುಂಪಿಗೆ ಮಾತ್ರ ಬರೆಯುವ ಹಕ್ಕು ಕೊಡಿ. ಒಂದೇ ಫೈಲ್, ಒಂದೇ ಗುಂಪು. ಫೋಲ್ಡರ್ ಪೂರ್ತಿ ಅಲ್ಲ.

ನಾನೇ ನಿಮ್ಮ ಜಾಗದಲ್ಲಿದ್ದರೆ ಪ್ರೋಗ್ರಾಂ ಅನ್ನು ಎರಡಾಗಿ ಒಡೆಯುತ್ತಿದ್ದೆ. ಒಂದು ಚಿಕ್ಕದು. ಅದು ಸೆನ್ಸರ್ ಓದುತ್ತದೆ, ಫ್ಯಾನ್ ನೋಡಿಕೊಳ್ಳುತ್ತದೆ, ಅಂಕಿಗಳನ್ನು ರ್‍ಯಾಮ್‌ನಲ್ಲಿರುವ ರನ್ ಫೋಲ್ಡರ್‌ಗೆ ಬರೆಯುತ್ತದೆ, ನೆಟ್‌ವರ್ಕ್ ಕಡೆ ತಲೆ ಹಾಕುವುದಿಲ್ಲ. ಇನ್ನೊಂದು ವೆಬ್ ಪುಟ. ಅದು ಸಾಮಾನ್ಯ ಬಳಕೆದಾರನಾಗಿ ಓಡಿ ಆ ಅಂಕಿಗಳನ್ನು ಓದಿ ತೋರಿಸುತ್ತದೆ. ಕೆಲಸ ಸ್ವಲ್ಪ ಜಾಸ್ತಿ. ಆದರೆ ವೆಬ್ ಪುಟ ಬಿದ್ದುಹೋದರೂ ಫ್ಯಾನ್ ನಿಲ್ಲುವುದಿಲ್ಲ, ಅದೇ ದೊಡ್ಡ ಲಾಭ.

ರಿಲೇಯ 17ಕ್ಕೆ ಏನಾಯಿತು? ಸಿಸ್ ಕ್ಲಾಸ್ ಒಳಗಿನ ಜಿಪಿಐಒ (ಪೈಯ ಪಿನ್‌ಗಳ) ಫೋಲ್ಡರ್ ಕೇಳುವುದು ಬೋರ್ಡಿನ ಪಿನ್ ನಂಬರ್ ಅಲ್ಲ, ಕರ್ನೆಲ್‌ನ ಒಟ್ಟು ಪಟ್ಟಿಯ ನಂಬರ್. ಹಿಂದೆ ಪೈನಲ್ಲಿ ಪಟ್ಟಿ 0ಯಿಂದ ಶುರುವಾಗುತ್ತಿತ್ತು, ಹಾಗಾಗಿ ಎರಡೂ ಒಂದೇ ಆಗಿದ್ದವು. 6.6 ಕರ್ನೆಲ್ ಬಂದ ಮೇಲೆ ಪೈ 4ರವರೆಗಿನ ಮಾದರಿಗಳಲ್ಲಿ ಅದು 512ರಿಂದ ಶುರುವಾಗುತ್ತದೆ. ಈಗ ನಿಮ್ಮ 17 ಅಂದರೆ 529. 529 ಎಂದು ಹಾಕಿದರೆ ಇವತ್ತೇ ಕೆಲಸ ನಡೆಯುತ್ತದೆ, ರಾಶಿ ಹೊತ್ತಿನಲ್ಲಿ ತುರ್ತಾಗಿ ಬೇಕಿದ್ದರೆ ಹಾಗೇ ಮಾಡಿ. ಅಲ್ಲಿಗೆ ನಿಲ್ಲಬೇಡಿ. ಎಚ್‌ಡಬ್ಲ್ಯೂಮಾನ್ ನಂಬರ್ ಥರವೇ ಇದೂ ಮಾತು ಕೊಡದ ನಂಬರ್. ಈ ಫೋಲ್ಡರ್ ಅನ್ನು ಕರ್ನೆಲ್‌ನವರು ಹಳತು ಎಂಬ ಪಟ್ಟಿಗೆ ಸೇರಿಸಿ ವರ್ಷಗಳಾಗಿವೆ. 2016ರ 4.8 ಕರ್ನೆಲ್‌ನಿಂದ ಜಿಪಿಐಒಚಿಪ್ ಎಂಬ ಡಿವೈಸ್ ಫೈಲ್ ಬಂದಿದೆ, ಅದರ ಮೇಲೆ ಲಿಬ್‌ಜಿಪಿಐಒಡಿ ಎಂಬ ಲೈಬ್ರರಿ ಇದೆ. ಅದರಲ್ಲಿ ಜಿಪಿಐಒ17 ಎಂಬ ಲೈನ್‌ನ ಹೆಸರು ಹೇಳಿಯೇ ಕೇಳಬಹುದು. ರಾಸ್ಪ್‌ಬೆರಿ ಪೈ ಓಎಸ್‌ನಲ್ಲಿ ನಿಮ್ಮ ಬಳಕೆದಾರನನ್ನು ಜಿಪಿಐಒ ಗುಂಪಿಗೆ ಸೇರಿಸಿದರೆ ರೂಟ್ ಬೇಡ.

ಹೊಸ ದಾರಿಯಲ್ಲಿ ಒಂದು ಅಪಾಯ ಇದೆ, ಅದನ್ನು ತಿಳಿದು ಇಳಿಯಿರಿ. ಹಳೆಯ ಫೋಲ್ಡರ್‌ನಲ್ಲಿ 1 ಬರೆದು ಹೋದರೆ ಪ್ರೋಗ್ರಾಂ ಮುಗಿದರೂ ಪಿನ್ ಹಾಗೇ ಇರುತ್ತಿತ್ತು. ಹೊಸದರಲ್ಲಿ ಲೈನ್ ನಿಮ್ಮ ಪ್ರೋಗ್ರಾಂನ ಹಿಡಿತದಲ್ಲಿರುತ್ತದೆ. ಪ್ರೋಗ್ರಾಂ ಸತ್ತರೆ ಕರ್ನೆಲ್ ಅದನ್ನು ಬಿಡಿಸಿಕೊಳ್ಳುತ್ತದೆ, ಆಮೇಲೆ ಪಿನ್ ಯಾವ ಸ್ಥಿತಿಯಲ್ಲಿರುತ್ತದೆ ಎಂಬ ಖಾತರಿ ಇಲ್ಲ. ಹಾಗಾಗಿ ಪಿನ್ ಬಿಟ್ಟುಹೋದಾಗ ಫ್ಯಾನ್ ಓಡಬೇಕೇ ನಿಲ್ಲಬೇಕೇ ಎಂದು ಮೊದಲು ಕಾಕಾ ಅವರ ಜೊತೆ ಕೂತು ತೀರ್ಮಾನಿಸಿ. ಆಮೇಲೆ ರಿಲೇಯ ಯಾವ ಟರ್ಮಿನಲ್‌ಗೆ ಫ್ಯಾನ್ ತಂತಿ ಕೊಡಬೇಕು, ಯಾವ ಕಡೆಗೆ ರೆಸಿಸ್ಟರ್ ಎಳೆಯಬೇಕು ಎಂಬುದನ್ನು ಅದಕ್ಕೆ ತಕ್ಕಂತೆ ಮಾಡಿ. ಬೇಸಿಗೆಯಲ್ಲಿ ಫ್ಯಾನ್ ಸುಮ್ನೆ ಓಡಿದರೆ ಕರೆಂಟ್ ಬಿಲ್ ಏರುತ್ತದೆ. ಮಳೆಗಾಲದಲ್ಲಿ ಸುಮ್ನೆ ಓಡಿದರೆ ಹೊರಗಿನ ತೇವ ಒಳಗೆ ಬರುತ್ತದೆ, ಕಾಳಿಗೆ ಅದು ಜಾಸ್ತಿ ಕೆಟ್ಟದ್ದು.

ಕೊನೆಯದಾಗಿ ಸ್ವಂತ ಡ್ರೈವರ್. ಈ ಗೋದಾಮಿಗೆ ಬೇಡ. ನಿಮಗೆ ಬೇಕಾದ ಎಲ್ಲ ಡ್ರೈವರ್ ಕರ್ನೆಲ್‌ನಲ್ಲೇ ಇವೆ. ಹೊರಗೆ ಬರೆದ ಡ್ರೈವರ್ ಅನ್ನು ಪ್ರತಿ ಕರ್ನೆಲ್ ಅಪ್‌ಡೇಟ್‌ಗೂ ಮತ್ತೆ ಕಂಪೈಲ್ ಮಾಡಬೇಕು. ಪೈಥಾನ್‌ನಲ್ಲಿ ತಪ್ಪಾದರೆ ಒಂದು ಪ್ರೋಗ್ರಾಂ ಬೀಳುತ್ತದೆ, ಡ್ರೈವರ್‌ನಲ್ಲಿ ತಪ್ಪಾದರೆ ಪೂರ್ತಿ ಪೈ ಬೀಳಬಹುದು. ಐಒಸಿಟಿಎಲ್ ಬೇಕಾಗುವ ಜಾಗಗಳು ಬೇರೆ ಇವೆ. ಹಲವು ಬೆಲೆಗಳನ್ನು ಒಂದೇ ಕ್ಷಣದಲ್ಲಿ ಒಟ್ಟಿಗೆ ಕೊಟ್ಟು ಪಡೆಯಬೇಕಾದಾಗ ಸಿಸ್‌ಎಫ್‌ಎಸ್ ಸೋಲುತ್ತದೆ, ಎರಡು ಫೈಲ್ ಓದುವ ನಡುವೆ ಕಾಲ ಜಾರುತ್ತದೆ. ಸೆಕೆಂಡಿಗೆ ಸಾವಿರಾರು ಅಳತೆ ಹರಿದು ಬರುವ ಕಡೆಯೂ ಅಷ್ಟೇ. ಅಂಥದ್ದಕ್ಕೆ ಐಐಒ ಎಂಬ ಅಳತೆ ಯಂತ್ರಗಳ ವರ್ಗದ ಬಫರ್ ಇದೆ, ಡಿವೈಸ್ ಫೈಲ್‌ನಿಂದ ಧಾರೆಯಾಗಿ ಓದಬಹುದು.

ಆದರೂ ಕಲಿಯುವ ಆಸೆಯಿಂದ ಕೇಳಿದ್ದರೆ ಖಂಡಿತ ಬರೆಯಿರಿ. ಗೋದಾಮಿನ ಪೈ ಮೇಲೆ ಅಲ್ಲ, ಇನ್ನೊಂದರ ಮೇಲೆ. ಓದಲು ಮಾತ್ರ ಇರುವ ಒಂದೇ ಆಟ್ರಿಬ್ಯೂಟ್‌ನಿಂದ ಶುರುಮಾಡಿ. ಶೋ ಫಂಕ್ಷನ್‌ನಲ್ಲಿ ಉತ್ತರ ಬರೆಯಲು 5.10ರಿಂದ ಬಂದಿರುವ ಸಿಸ್‌ಎಫ್‌ಎಸ್_ಎಮಿಟ್ ಬಳಸಿ, ಅದು ಹಾಳೆಯ ಗಡಿ ದಾಟಲು ಬಿಡುವುದಿಲ್ಲ. ಆಟ್ರಿಬ್ಯೂಟ್‌ಗಳನ್ನು ಒಂದು ಗುಂಪಾಗಿ ಮಾಡಿ ಮೊದಲೇ ಕರ್ನೆಲ್ ಕೈಗೆ ಕೊಡಿ. ಡಿವೈಸ್ ನೋಂದಾಯಿಸಿ, ಆಮೇಲೆ ಒಂದೊಂದೇ ಫೈಲ್ ಸೇರಿಸುವ ಕೋಡ್ ಹಳೆಯ ಉದಾಹರಣೆಗಳಲ್ಲಿ ತುಂಬಾ ಕಾಣುತ್ತದೆ. ಡಿವೈಸ್ ಬಂದಿದೆ ಎಂಬ ಸುದ್ದಿ ಯುಡೆವ್‌ಗೆ ನೋಂದಣಿಯ ಹೊತ್ತಿಗೇ ಹೋಗಿರುತ್ತದೆ. ಅದು ಓಡಿ ಬಂದು ನೋಡಿದಾಗ ಫೈಲ್ ಇನ್ನೂ ಹುಟ್ಟಿರುವುದಿಲ್ಲ. ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಮಾಡುವುದಿಲ್ಲ, ಕಾರಣ ಹುಡುಕಲು ದಿನಗಟ್ಟಲೆ ಹಿಡಿಯುತ್ತದೆ. ಗುಂಪಾಗಿ ಕೊಟ್ಟರೆ ಫೈಲ್‌ಗಳು ಹುಟ್ಟಿದ ಮೇಲೆಯೇ ಕರ್ನೆಲ್ ಸುದ್ದಿ ಕಳಿಸುತ್ತದೆ. ಪರೀಕ್ಷೆಗೆ ಬೇಕಾದ ಒಳಗಿನ ಅಂಕಿಗಳನ್ನು ಸಿಸ್‌ನಲ್ಲಿ ಇಡದೆ ಡೀಬಗ್‌ಎಫ್‌ಎಸ್‌ನಲ್ಲಿ ಇಡಿ, ಅಲ್ಲಿ ಯಾರಿಗೂ ಮಾತು ಕೊಟ್ಟಂತಾಗುವುದಿಲ್ಲ. ಬರೆದ ಕೋಡ್ ಕಳಿಸಿದರೆ ಬಿಡುವು ಮಾಡಿಕೊಂಡು ಓದುತ್ತೇನೆ.